ಮುಂಬಯಿಯಿಂದ ಕನ್ನಡದಲ್ಲಿ ಅಂಕಣ: ಅಭಿಪ್ರಾಯಕ್ಕೆ ಮೊದಲು ಮಾಡಬೇಕಾದ ಕೆಲಸ

ಮುಂಬಯಿಯಲ್ಲಿದ್ದುಕೊಂಡು ರಾಜಕೀಯ, ದೇವರು, ಸಿನಿಮಾ, ದಿನದ ಬದುಕು ಇವುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಡುವವರು ಮೊದಲು ಎಡವುವುದು ವಿಷಯದ ಆಯ್ಕೆಯಲ್ಲಿ. ವಿಧಾನಸೌಧದಲ್ಲಿ ಯಾರ ಕುರ್ಚಿ ಅಲುಗಾಡುತ್ತಿದೆ ಎಂಬುದನ್ನು ಬೆಂಗಳೂರಿನವರು ಹತ್ತಿರದಿಂದ ನೋಡಿ ಬರೆಯುತ್ತಾರೆ. ಅದನ್ನೇ ಟೀವಿಯಲ್ಲಿ ನೋಡಿ ಡೊಂಬಿವಲಿಯಿಂದ ಬರೆದರೆ ಓದುಗರಿಗೆ ಹೊಸದೇನೂ ಸಿಗುವುದಿಲ್ಲ. ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಮುಂಬಯಿ ಸಮಿತಿ ದೇಣಿಗೆ ಎತ್ತುವ ರೀತಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಾಡಿಗೆದಾರರಿಗೆ ಸಿಗುವ ಮರ್ಯಾದೆ, ಹೋಟೆಲಿನ ಬೋರ್ಡು, ಪಾಲಿಕೆಯ ಕನ್ನಡ ಶಾಲೆಯ ಹಾಜರಿ ಪುಸ್ತಕ, ಇವನ್ನು ಕನ್ನಡದಲ್ಲಿ ಬರೆಯುವವರು ಇಲ್ಲಿಯವರೇ ಆಗಬೇಕು. ನೀವು ಬರೆಯದಿದ್ದರೆ ಅದು ಕನ್ನಡದಲ್ಲಿ ಬರುವುದೇ ಇಲ್ಲ.

ಹಾಗಾಗಿ ಮೊದಲ ಪರೀಕ್ಷೆ ಇದು: ಈ ಲೇಖನವನ್ನು ಬೆಂಗಳೂರಿನಲ್ಲಿ ಕೂತವರು ಬರೆಯಬಹುದೇ? ಬರೆಯಬಹುದು ಎಂದಾದರೆ ವಿಷಯ ಬದಲಿಸಿ, ಅಥವಾ ಅದರ ಮುಂಬಯಿಯ ತುದಿ ಎಲ್ಲಿದೆ ಎಂದು ಹುಡುಕಿ. ‘ಬೆಲೆಯೇರಿಕೆ’ ವಿಷಯವಲ್ಲ. ‘ಕುರ್ಲಾ ಸ್ಟೇಷನ್ನಿನಿಂದ ಕೆಲಸದ ಜಾಗಕ್ಕೆ ಹೋಗುವ ಬಸ್ಸಿನ ಟಿಕೆಟ್ಟು’ ವಿಷಯ. ಒಂದು ಅಂಕಣಕ್ಕೆ 600ರಿಂದ 800 ಪದ ಸಾಕು, ಅದರಲ್ಲಿ ಒಂದೇ ಸಂಗತಿ ಹಿಡಿಸುತ್ತದೆ.

ಯಾರನ್ನು ಕೇಳುತ್ತಿದ್ದೀರಿ?

ಮುಂಬಯಿಯ ಬಗ್ಗೆ ಬರೆಯುವಾಗ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಲೋಕಲ್ ರೈಲು ಕೇಂದ್ರ ಸರಕಾರದ್ದು. ಅದರಲ್ಲೂ ಚರ್ಚ್‌ಗೇಟಿನಿಂದ ಹೊರಡುವುದು ಪಶ್ಚಿಮ ರೈಲ್ವೆಗೆ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ (ಸಿಎಸ್‌ಎಂಟಿ) ಕಲ್ಯಾಣಿನ ಕಡೆ ಹೋಗುವುದೂ ಹಾರ್ಬರ್ ಲೈನೂ ಮಧ್ಯ ರೈಲ್ವೆಗೆ ಸೇರಿದ್ದು. ಬೆಸ್ಟ್ ಬಸ್ಸು ಪಾಲಿಕೆಯ ಉದ್ಯಮ. ವರ್ಸೋವಾ–ಘಾಟ್‌ಕೋಪರ್ ಮೆಟ್ರೊ ನಡೆಸುವ ಕಂಪೆನಿ ಒಂದು, ದಹಿಸರಿನ ಕಡೆಯ ಮೆಟ್ರೊ ನಡೆಸುವ ಸಂಸ್ಥೆ ಇನ್ನೊಂದು, ನೆಲದಡಿಯ ಮೂರನೇ ಲೈನಿನದು ಮತ್ತೊಂದು. ಪೂರ್ವ, ಪಶ್ಚಿಮ ಎಕ್ಸ್‌ಪ್ರೆಸ್ ಹೈವೇಗಳನ್ನು ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ (ಎಂಎಂಆರ್‌ಡಿಎ) 2022ರಲ್ಲಿ ಪಾಲಿಕೆಗೆ ಒಪ್ಪಿಸಿತು. ಅದಕ್ಕೆ ಮೊದಲಿನ ಗುಂಡಿಗೂ ಈಗಿನ ಗುಂಡಿಗೂ ಉತ್ತರ ಕೊಡಬೇಕಾದವರು ಬೇರೆ. ರಸ್ತೆ, ಚರಂಡಿ, ಆಸ್ಪತ್ರೆ ಯಾವುದೇ ಇರಲಿ, ಬೈಯುವ ಮೊದಲು ಅದು ಯಾರ ಸುಪರ್ದಿಯಲ್ಲಿದೆ ಎಂದು ಆ ಸಂಸ್ಥೆಯ ಜಾಲತಾಣದಲ್ಲೋ ಕಾಮಗಾರಿಯ ಫಲಕದಲ್ಲೋ ನೋಡಿಕೊಳ್ಳಿ. ಕೆಲಸ ನಡೆಯುವ ಜಾಗದಲ್ಲಿ ನಿಲ್ಲಿಸಿರುವ ಫಲಕದಲ್ಲಿ ಸಾಮಾನ್ಯವಾಗಿ ಇಲಾಖೆ, ಗುತ್ತಿಗೆದಾರ, ಅವಧಿ ಮೂರೂ ಇರುತ್ತವೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

‘ನಮ್ಮ ವಾರ್ಡು’ ಎನ್ನುವಾಗಲೂ ಎಚ್ಚರ ಬೇಕು. ಮಾಟುಂಗ, ಸಯನ್ ಬರುವುದು ‘ಎಫ್ ಉತ್ತರ’ ಎಂಬ ಆಡಳಿತ ವಾರ್ಡಿನಲ್ಲಿ. ನಗರಸೇವಕರನ್ನು ಆರಿಸುವ ವಾರ್ಡುಗಳು ಬೇರೆಯೇ, ಅವು ನಗರಕ್ಕೆಲ್ಲ ಸೇರಿ 227. ದೂರು ಕೊಡಬೇಕಾದದ್ದು ಮೊದಲನೆಯದರ ಕಚೇರಿಗೆ, ಮತ ಹಾಕುವುದು ಎರಡನೆಯದರಲ್ಲಿ. 2017ರಲ್ಲಿ ಆರಿಸಿಬಂದ ಪಾಲಿಕೆಯ ಅವಧಿ 2022ರ ಮಾರ್ಚ್‌ಗೆ ಮುಗಿಯಿತು. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲೇ ನಗರ ನಡೆಯಿತು. ಆ ದಿನಗಳ ಬಗ್ಗೆ ‘ನಗರಸೇವಕ ನಿದ್ದೆ ಮಾಡುತ್ತಿದ್ದ’ ಎಂದು ಬರೆದರೆ ಇಲ್ಲದವನನ್ನು ಬೈದ ಹಾಗಾಗುತ್ತದೆ. ನಿಜವಾಗಿ ಕೇಳಬೇಕಿದ್ದ ಪ್ರಶ್ನೆ, ನಗರಸೇವಕನೇ ಯಾಕೆ ಇಲ್ಲ ಎಂಬುದು, ಹಾಗೆಯೇ ಬಿಟ್ಟುಹೋಗುತ್ತದೆ.

ಅಂಕಿ ಬಳಸುವ ಬಗೆ

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಬೆಸ್ಟ್ ಬಸ್ಸಿನ ಕನಿಷ್ಠ ದರ 2025ರ ಮೇ 9ರಿಂದ ಹೆಚ್ಚಿತು. ಸಾದಾ ಬಸ್ಸಿನಲ್ಲಿ 5 ರೂಪಾಯಿ ಇದ್ದದ್ದು 10 ಆಯಿತು, ಎ.ಸಿ. ಬಸ್ಸಿನಲ್ಲಿ 6 ಇದ್ದದ್ದು 12. ಅಂಕಣದ ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ: ‘ಬಸ್ ದರ ದುಪ್ಪಟ್ಟಾಗಿ ಜನಸಾಮಾನ್ಯರ ಬೆನ್ನಿನ ಮೇಲೆ ಬರೆ ಬಿದ್ದಿದೆ.’ ಇದು ಸುಳ್ಳಲ್ಲ. ಆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ.

ಈಗ ಒಬ್ಬ ಮನುಷ್ಯನನ್ನು ಬಸ್ಸು ಹತ್ತಿಸಿ. ಕುರ್ಲಾದಲ್ಲಿ ಇಳಿದು ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ಕ್ಯಾಂಟೀನಿಗೆ ಹೋಗುವ ಹುಡುಗ. ದೂರ 5 ಕಿಲೋಮೀಟರಿಗಿಂತ ಕಡಿಮೆ, ಅಂದರೆ ಕನಿಷ್ಠ ದರ. ದಿನಕ್ಕೆ ಎರಡು ಸಲ, ತಿಂಗಳಿಗೆ 26 ದಿನ. ಮೊದಲು 260 ರೂಪಾಯಿ ಆಗುತ್ತಿತ್ತು, ಈಗ 520. ಪಾಸು ತೆಗೆದುಕೊಳ್ಳುವವರ ಲೆಕ್ಕ ಬೇರೆ, ಅದನ್ನೂ ಒಂದು ಮಾತಿನಲ್ಲಿ ಹೇಳಿ. ಇಲ್ಲಿಗೆ ಸಂಗತಿ ಗಟ್ಟಿಯಾಯಿತು. ಆದರೂ ಇನ್ನೊಂದು ಹೆಜ್ಜೆ ಬಾಕಿಯಿದೆ, ಹೆಚ್ಚಿನವರು ಬಿಡುವುದು ಅದನ್ನೇ. 5 ರೂಪಾಯಿ ಎಂಬ ದರ ಯಾವಾಗಿನಿಂದ ಇತ್ತು? 2019ರ ಜುಲೈಯಲ್ಲಿ 8 ರೂಪಾಯಿಯಿಂದ ಇಳಿಸಿ 5 ಮಾಡಿದ್ದರು. ಹಾಗಾಗಿ ‘ದುಪ್ಪಟ್ಟು’ ಎಂದಷ್ಟೇ ಬರೆದರೆ ಅರ್ಧ ಸತ್ಯ. ‘ಆರು ವರ್ಷದ ಹಿಂದೆ 8 ಇತ್ತು, ಅಲ್ಲಿಂದ 10ಕ್ಕೆ ಬಂತು’ ಎಂದಷ್ಟೇ ಬರೆದರೂ ಅರ್ಧ ಸತ್ಯ, ಯಾಕೆಂದರೆ ನಡುವೆ 5 ರೂಪಾಯಿಗೆ ತನ್ನ ತಿಂಗಳ ಖರ್ಚು ಹೊಂದಿಸಿಕೊಂಡ ಹುಡುಗನಿಗೆ 260 ರೂಪಾಯಿ ಹೊಸ ಹೊರೆಯೇ. ಎರಡನ್ನೂ ಇಟ್ಟು, ಆಮೇಲೆ ನಿಮ್ಮ ನಿಲುವು ಹೇಳಿ. ದರ ಏರಿಸಿದ್ದು ಸರಿ ಎನ್ನುವವರೂ ನಿಮ್ಮ ಲೇಖನವನ್ನು ತಳ್ಳಿಹಾಕಲಾರರು.

ಚುನಾವಣೆಯ ಬಗ್ಗೆ ಬರೆಯುವವರು ಅಭ್ಯರ್ಥಿ ಸಲ್ಲಿಸುವ ಫಾರ್ಮ್ 26ರ ಪ್ರಮಾಣಪತ್ರ ಓದುವುದನ್ನು ರೂಢಿ ಮಾಡಿಕೊಳ್ಳಿ. ವಿಧಾನಸಭೆ, ಲೋಕಸಭೆಯ ಅಭ್ಯರ್ಥಿಗಳದ್ದು ಚುನಾವಣಾ ಆಯೋಗದ ಜಾಲತಾಣದಲ್ಲೇ ಸಿಗುತ್ತದೆ. ಆಸ್ತಿ, ಸಾಲ, ಓದು, ಪ್ರಕರಣ ಎಲ್ಲ ಅದರಲ್ಲಿರುತ್ತವೆ. ಬಾಕಿ ಇರುವ ಪ್ರಕರಣ ಬೇರೆ, ಶಿಕ್ಷೆಯಾದ ಪ್ರಕರಣ ಬೇರೆ. ಎರಡಕ್ಕೂ ಬೇರೆ ಬೇರೆ ಕಾಲಂ ಇದೆ. ಬಾಕಿ ಇರುವುದನ್ನು ನೋಡಿ ‘ಅಪರಾಧಿ’ ಎಂದು ಬರೆದವರಿಗೆ ನೋಟಿಸು ಬಂದರೆ ಉತ್ತರ ಇರುವುದಿಲ್ಲ.

ಎಲ್ಲೂ ಸಿಗದ ಮಾಹಿತಿಗೆ ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ) ಇದೆ. ಇಲ್ಲಿ ಕನ್ನಡಿಗರಿಗೆ ಒಂದು ತೊಡಕು: ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಆ ಪ್ರದೇಶದ ಅಧಿಕೃತ ಭಾಷೆಯಲ್ಲೋ ಇರಬೇಕು. ಮುಂಬಯಿ ಪಾಲಿಕೆಗೆ ಕನ್ನಡದಲ್ಲಿ ಬರೆದರೆ ನಡೆಯದು, ಮರಾಠಿಯಲ್ಲಿ ಬರೆಯಿರಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ರೈಲ್ವೆಯಂಥ ಕೇಂದ್ರದ ಕಚೇರಿಗಾದರೆ 500 ಪದದವರೆಗೆ ಬರೆಯಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಯಾಕೆ ಮಾಡಲಿಲ್ಲ’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂದು ಅರ್ಜಿ ವಾಪಸಾಗುತ್ತದೆ. ‘ಇಂಥ ಶಾಲೆಯ 2019ರಿಂದ ಈವರೆಗಿನ ವರ್ಷವಾರು ದಾಖಲಾತಿಯ ಪ್ರತಿ ಕೊಡಿ’ ಎಂದು ಕಾಗದವನ್ನೇ ಕೇಳಿ. ಉತ್ತರ ಬರದಿದ್ದರೂ ತೃಪ್ತಿಯಾಗದಿದ್ದರೂ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಈ ವಾರದ ಅಂಕಣಕ್ಕೆ ಇದು ಆಗದು. ಮೂರು ತಿಂಗಳಾಚೆಯ ಅಂಕಣಕ್ಕೆ ಇವತ್ತೇ ಅರ್ಜಿ ಹಾಕಿಡಬೇಕು.

ದೇವರು, ದೈವ, ಸಮಿತಿ

ಮುಂಬಯಿ ಕನ್ನಡಿಗರ ಲೋಕ ಚಿಕ್ಕದು. ಬರೆದವರು, ಓದಿದವರು, ಬರೆಸಿಕೊಂಡವರು ಮೂವರೂ ಅದೇ ವಾರ ಒಂದೇ ಮದುವೆಯ ಪಂಕ್ತಿಯಲ್ಲಿ ಕೂರುತ್ತಾರೆ. ಹಾಗೆಂದು ದೇವಸ್ಥಾನದ ಸಮಿತಿಯನ್ನು ಪ್ರಶ್ನಿಸಬಾರದು ಎಂದಲ್ಲ. ಪ್ರಶ್ನೆ ನಂಬಿಕೆಯ ಮೇಲಿದೆಯೋ ವ್ಯವಸ್ಥೆಯ ಮೇಲಿದೆಯೋ ಎಂಬುದು ನಿಮ್ಮ ವಾಕ್ಯದಲ್ಲೇ ಸ್ಪಷ್ಟವಾಗಬೇಕು. ಹರಕೆ ಹೊತ್ತವರ ಭಕ್ತಿಯನ್ನು ಅಳೆಯುವುದು ಅಂಕಣಕಾರರ ಕೆಲಸವಲ್ಲ. ರಸೀದಿ ಕೊಟ್ಟರೇ, ಲೆಕ್ಕ ಮಂಡಿಸಿದರೇ, ಮಹಾಸಭೆ ಕರೆದರೇ, ಅಡುಗೆ ಮಾಡಿದವರಿಗೆ ಸಂಬಳ ಸಿಕ್ಕಿತೇ ಎಂದು ಕೇಳುವುದು ಖಂಡಿತ ನಿಮ್ಮ ಕೆಲಸ.

ದಾಖಲೆ ಎಲ್ಲಿ ಸಿಗುತ್ತದೆ? ಮಹಾರಾಷ್ಟ್ರದಲ್ಲಿ ಸಂಘಗಳು ಹೆಚ್ಚಾಗಿ 1860ರ ಸೊಸೈಟಿ ನೋಂದಣಿ ಕಾಯ್ದೆಯ ಜತೆಗೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿಯೂ ನೋಂದಾಯಿಸಿಕೊಂಡಿರುತ್ತವೆ. ಮುಂಬಯಿಯ ಟ್ರಸ್ಟುಗಳಿಗೆ ವರ್ಲಿಯ ಧರ್ಮಾದಾಯ ಆಯುಕ್ತರ ಕಚೇರಿ. ಟ್ರಸ್ಟಿಗಳು ಬದಲಾದರೆ 90 ದಿನದೊಳಗೆ ಅಲ್ಲಿಗೆ ವರದಿ ಕೊಡಬೇಕು. ಲೆಕ್ಕಪರಿಶೋಧನೆಯ ವರದಿಯೂ ಅಲ್ಲಿಗೇ ಹೋಗುತ್ತದೆ. ಟ್ರಸ್ಟಿನ ನೋಂದಣಿ ಸಂಖ್ಯೆ ಅವರ ಲೆಟರ್‌ಹೆಡ್ಡಿನಲ್ಲೋ ದೇಣಿಗೆ ರಸೀದಿಯ ಮೇಲೋ ಅಚ್ಚಾಗಿರುತ್ತದೆ. ಆ ಸಂಖ್ಯೆ ಕೊಟ್ಟು ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ‘ಹಣ ಎಲ್ಲಿ ಹೋಯಿತು ಗೊತ್ತಿಲ್ಲ’ ಎಂಬ ಊಹೆಯ ಮಾತಿಗಿಂತ ‘ಇಂಥ ವರ್ಷದ ಲೆಕ್ಕಪತ್ರ ಸಲ್ಲಿಕೆಯಾಗಿಲ್ಲ’ ಎಂಬ ವಾಕ್ಯಕ್ಕೆ ತೂಕ ಹೆಚ್ಚು. ಬರೆಯುವ ಮೊದಲು ಸಮಿತಿಯವರಿಗೆ ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕಳಿಸಿ, ಉತ್ತರಕ್ಕೆ ದಿನಾಂಕ ಕೊಡಿ. ಉತ್ತರ ಬಂದರೆ ಹಾಕಿ. ಬಾರದಿದ್ದರೆ ಬರಲಿಲ್ಲವೆಂದು ಹಾಕಿ.

ಗಣೇಶೋತ್ಸವದ ಸಮಯದಲ್ಲಿ ಪ್ರತಿವರ್ಷ ಓಡಾಡುವ ಒಂದು ಸುದ್ದಿ ನೋಡಿ. ಕಿಂಗ್ಸ್ ಸರ್ಕಲ್ಲಿನ ಜಿಎಸ್‌ಬಿ ಸೇವಾ ಮಂಡಲದ ಗಣಪತಿಗೆ 2025ರಲ್ಲಿ 474 ಕೋಟಿ ರೂಪಾಯಿಯ ವಿಮೆ ಎಂದು ವರದಿಯಾಯಿತು. ಅದನ್ನು ಹಿಡಿದು ‘ದೇವರ ಮೈಮೇಲೆ 474 ಕೋಟಿಯ ಚಿನ್ನ’ ಎಂದು ಬರೆದರೆ ತಪ್ಪು. ಚಿನ್ನ–ಬೆಳ್ಳಿಯ ಪಾಲು ಅದರಲ್ಲಿ ಸುಮಾರು 67 ಕೋಟಿ. ಬಹುಪಾಲು ಮೊತ್ತ ಸ್ವಯಂಸೇವಕರು, ಅರ್ಚಕರು, ಅಡುಗೆಯವರು, ಕಾವಲಿನವರು ಮುಂತಾದವರ ಅಪಘಾತ ವಿಮೆಗೆ ಸೇರಿದ್ದು. ಆಡಂಬರದ ಬಗ್ಗೆ ಅಂಕಣ ಬರೆಯಲು ನಿಮಗೆ ಹಕ್ಕಿದೆ. ಆದರೆ ಅಡುಗೆಯವರಿಗೆ ಮಾಡಿಸಿದ ವಿಮೆಯನ್ನು ಆಡಂಬರದ ಲೆಕ್ಕಕ್ಕೆ ಸೇರಿಸಿದರೆ ಅದು ಅನ್ಯಾಯ.

ದೈವದ ಬಗ್ಗೆ ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. ತುಳುನಾಡಿನ ಕೋಲ, ನೇಮಗಳು ದೈವದ ಆರಾಧನೆ. ದೈವದ ವೇಷ ಕಟ್ಟುವವರಿಗೆ ಅದು ಕುಲಕಸುಬು, ಊರಿನವರಿಗೆ ನ್ಯಾಯದ ಕಟ್ಟೆ. ಮುಂಬಯಿಯ ವೇದಿಕೆಯಲ್ಲಿ ಅದರ ಅನುಕರಣೆ ನಡೆದದ್ದನ್ನು ಟೀಕಿಸುವುದಾದರೆ ಯಾವ ಭಾಗ, ಯಾರ ಮುಂದೆ, ಯಾವ ಸಂದರ್ಭದಲ್ಲಿ ಎಂದು ಬರೆಯಿರಿ. ದೈವ ಕಟ್ಟುವ ಸಮುದಾಯದ ಒಬ್ಬರನ್ನಾದರೂ ಮಾತಾಡಿಸಿ, ಅವರ ಮಾತಿಗೆ ಜಾಗ ಕೊಡದೆ ಈ ವಿಷಯ ಮುಟ್ಟಬೇಡಿ.

ಭಾಷೆಯ ಜಗಳ ಎದ್ದಾಗ

ಬೆಳಗಾವಿಯಲ್ಲಿ ಬಸ್ಸಿಗೆ ಮಸಿ ಬಳಿದ ದಿನ ಸಂಜೆ ಮುಂಬಯಿಯಲ್ಲಿ ಅಂಕಣ ಬರೆಯಬೇಡಿ. ಎರಡು ದಿನ ಬಿಡಿ. ಆ ಎರಡು ದಿನದಲ್ಲಿ ಮರಾಠಿ ಪತ್ರಿಕೆಗಳನ್ನೂ ಕನ್ನಡದವನ್ನೂ ಒಟ್ಟಿಗೆ ಓದಿ. ಎರಡೂ ಕಡೆ ಒಂದೇ ರೀತಿ ವರದಿಯಾದದ್ದು ಎಷ್ಟು ಎಂದು ಗೆರೆ ಹಾಕಿ, ಅಷ್ಟನ್ನು ಮಾತ್ರ ಸಂಗತಿ ಎಂದು ಬಳಸಿ. ಎರಡೂ ಭಾಷೆ ಓದಬಲ್ಲವರು ನೀವು. ಈ ಅನುಕೂಲ ಬೆಂಗಳೂರಿನ ಹೆಚ್ಚಿನ ಅಂಕಣಕಾರರಿಗಿಲ್ಲ.

ಸರಕಾರದ ಆದೇಶ, ಕಾಯ್ದೆಗಳನ್ನು ಸುದ್ದಿಯಲ್ಲಿ ಓದಿ ಬಿಡಬಾರದು, ಮೂಲದಲ್ಲೇ ಓದಬೇಕು. ಅಂಗಡಿ ಬೋರ್ಡಿನ ವಿಷಯ ತೆಗೆದುಕೊಳ್ಳಿ. 2022ರ ತಿದ್ದುಪಡಿಯ ನಂತರ ಮಹಾರಾಷ್ಟ್ರದ ಎಲ್ಲ ಅಂಗಡಿ, ಹೋಟೆಲುಗಳಿಗೂ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣವಕ್ಕೂ, ದೇವನಾಗರಿಯ ಮರಾಠಿ ಬೋರ್ಡು ಕಡ್ಡಾಯ. ಮರಾಠಿ ಮೊದಲು ಬರಬೇಕು, ಅಕ್ಷರ ಬೇರೆ ಲಿಪಿಗಿಂತ ಚಿಕ್ಕದಿರಬಾರದು. ಅಷ್ಟೇ. ಕನ್ನಡದಲ್ಲೂ ಬರೆಯಬಾರದು ಎಂದು ಕಾಯ್ದೆಯಲ್ಲಿಲ್ಲ. ಇದು ಗೊತ್ತಿಲ್ಲದೆ ‘ಕನ್ನಡ ಬೋರ್ಡಿಗೆ ನಿಷೇಧ’ ಎಂದು ಬರೆದರೆ ಊರಲ್ಲಿ ಕಿಚ್ಚು ಹತ್ತುತ್ತದೆ, ಇಲ್ಲಿ ಬೋರ್ಡಿನಲ್ಲಿ ಕನ್ನಡ ಉಳಿಸಿಕೊಂಡ ಹೋಟೆಲಿನವರಿಗೆ ತೊಂದರೆಯಾಗುತ್ತದೆ.

ಹಿಂದಿಯ ವಿವಾದದಲ್ಲೂ ಹೀಗೇ ಆಯಿತು. ಮಹಾರಾಷ್ಟ್ರ ಸರಕಾರದ 2025ರ ಏಪ್ರಿಲ್ 16ರ ಆದೇಶ ಮರಾಠಿ, ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಿಂದಿಯನ್ನು ಮೂರನೇ ಭಾಷೆ ಮಾಡಿತ್ತು. ಜೂನ್ 17ರಂದು ಅದನ್ನು ತುಸು ಸಡಿಲಿಸಿದ ಆದೇಶ ಬಂತು, ಜೂನ್ 29ರಂದು ಎರಡನ್ನೂ ಹಿಂದಕ್ಕೆ ಪಡೆದರು. ಮೂರು ದಿನಾಂಕಗಳನ್ನು ಸಾಲಾಗಿ ಇಟ್ಟುಕೊಳ್ಳದೆ ಬರೆದವರು ಸಡಿಲಿಸಿದ್ದನ್ನೇ ಹಿಂತೆಗೆದುಕೊಂಡದ್ದೆಂದು ತಿಳಿದರು. ಕನ್ನಡ ಮಾಧ್ಯಮದ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಎಂದು ಮೂರು ಭಾಷೆಯನ್ನು ಮೊದಲೇ ಕಲಿಯುತ್ತಿದ್ದಾರೆ. ಮುಂಬಯಿ ಕನ್ನಡಿಗರು ಬರೆಯಬಹುದಾಗಿದ್ದ ಒಳ್ಳೆಯ ಅಂಕಣ ಅದೇ ಆಗಿತ್ತು.

ಯಕ್ಷಗಾನ, ಸಿನಿಮಾ

ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ಪತ್ತನಾಜೆಯ ದಿನದ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಇಡೀ ರಾತ್ರಿಯ ಪ್ರಸಂಗ ಇಲ್ಲಿ ಮೂರು ಗಂಟೆಗೆ ಇಳಿಯುತ್ತದೆ. ‘ಪ್ರೇಕ್ಷಕರ ಮನಸೂರೆಗೊಂಡಿತು’ ಎಂಬುದು ವಿಮರ್ಶೆಯಲ್ಲ, ಧನ್ಯವಾದ ಸಮರ್ಪಣೆ. ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂದು ಬರೆಯಿರಿ. ಪದ್ಯ ಕತ್ತರಿಸಿ ಮಾತು ಬೆಳೆಸಿದರೇ? ಪ್ರವೇಶದ ಕುಣಿತಕ್ಕೆ ಎಷ್ಟು ಹೊತ್ತು ಸಿಕ್ಕಿತು? ಹಾಸ್ಯಗಾರರು ಮುಂಬಯಿಯ ಮಾತನ್ನು ಎಲ್ಲಿ ತಂದರು? ತೆಂಕು, ಬಡಗು ಎಂಬ ಎರಡು ಶೈಲಿಗಳನ್ನು ಬೆರೆಸಿ ಬರೆದರೆ ಬಲ್ಲವರು ಮುಂದಿನ ಸಾಲು ಓದುವುದಿಲ್ಲ. ಭಾಗವತರ, ಚೆಂಡೆ–ಮದ್ದಳೆಯವರ ಹೆಸರನ್ನು ಆಟ ಶುರುವಾಗುವ ಮೊದಲೇ ಕಲಾವಿದರು ಬಣ್ಣ ಹಚ್ಚುವ ಚೌಕಿಗೆ ಹೋಗಿ ಕೇಳಿ ಬರೆದುಕೊಳ್ಳಿ. ಮುಗಿದ ಮೇಲೆ ಲಾಸ್ಟ್ ಲೋಕಲ್ಲಿನ ಗಡಿಬಿಡಿಯಲ್ಲಿ ಅದು ಆಗದು.

ಸಿನಿಮಾದ ಹಾಡನ್ನು ಉಲ್ಲೇಖಿಸುವಾಗ ಚರ್ಚೆಗೆ ಬೇಕಾದ ಎರಡು ಸಾಲು ಸಾಕು. ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ, ಹಾಡನ್ನು ಇಡಿಯಾಗಿ ಅಚ್ಚು ಹಾಕಲು ಕೊಡುವುದಿಲ್ಲ.

ಬರೆಯುವ ಹೊತ್ತು

ಮೊದಲ ಪ್ಯಾರಾದಲ್ಲೇ ಜಾಗ, ಸಂಗತಿ, ನಿಮ್ಮ ನಿಲುವು ಮೂರೂ ಬರಲಿ. ನಾಲ್ಕನೇ ಪ್ಯಾರಾದವರೆಗೆ ಪೀಠಿಕೆ ಹಾಕಿದರೆ ಲೋಕಲ್ಲಿನಲ್ಲಿ ನಿಂತು ಮೊಬೈಲಿನಲ್ಲಿ ಓದುವವರು ಅಷ್ಟರಲ್ಲಿ ದಾದರಿನಲ್ಲಿ ಇಳಿದು ಹೋಗಿರುತ್ತಾರೆ. ನಾಕಾ, ಚಾಳು, ಖೋಲಿ, ಹಫ್ತಾ, ಪಾಗಡಿ ಇವೆಲ್ಲ ಇಲ್ಲಿನ ಕನ್ನಡದ ಮಾತುಗಳೇ. ಅವಕ್ಕೆ ಪಂಡಿತರ ಕನ್ನಡ ಹುಡುಕಬೇಡಿ. ಊರಿನ ಓದುಗರಿಗೂ ತಿಳಿಯಬೇಕಾದರೆ ವಾಕ್ಯದ ಒಳಗೇ ಅರ್ಥ ಹೊಳೆಯುವಂತೆ ಬರೆಯಿರಿ. ‘ಪಾಗಡಿಯ ಖೋಲಿಗೆ ತಿಂಗಳ ಬಾಡಿಗೆ ಅಲ್ಪ, ಆದರೆ ಒಳಗೆ ಬರುವಾಗ ಕೊಟ್ಟ ದುಡ್ಡು ಜೀವಮಾನದ ಉಳಿತಾಯ’ ಎಂದರೆ ಸಾಕು, ವಿವರಣೆ ಬೇಡ.

‘ಜನ ಹೇಳುತ್ತಾರೆ’, ‘ಎಲ್ಲರಿಗೂ ತಿಳಿದಂತೆ’ ಎಂಬಲ್ಲೆಲ್ಲ ನಿಲ್ಲಿ. ಯಾವ ಜನ? ಒಬ್ಬರ ಮಾತಾದರೆ ಅವರ ಕೆಲಸ, ಜಾಗ ಹೇಳಿ, ಹೆಸರು ಅವರು ಒಪ್ಪಿದರೆ ಮಾತ್ರ. ಯಾರ ಮಾತೂ ಇಲ್ಲದಿದ್ದರೆ ವಾಕ್ಯ ತೆಗೆಯಿರಿ.

ಟೈಪಿಂಗ್ ಯೂನಿಕೋಡಿನಲ್ಲೇ ಇರಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಟೈಪಿಸಿ ಪರಿವರ್ತಿಸಿದ್ದಾದರೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಂದೊಂದಾಗಿ ನೋಡಿ, ಕೆಡುವುದು ಹೆಚ್ಚಾಗಿ ಅಲ್ಲೇ.

ಕಾನೂನಿನ ಗೆರೆ

2012ರ ನವೆಂಬರಿನಲ್ಲಿ, ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆದದ್ದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಪಾಲ್ಘರಿನಲ್ಲಿ ಒಬ್ಬ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ಆಗ ಬಳಕೆಯಾದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಯಾರಾದರೂ 66ಎ ಹೇಳಿ ಬೆದರಿಸಿದರೆ ಆ ಕಲಮೇ ಇಲ್ಲ ಎಂದು ಧೈರ್ಯವಾಗಿ ಹೇಳಿ.

ಆದರೆ ಬೇರೆ ಕಲಮುಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 196 ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ, 299 ಬೇಕೆಂದೇ ದುರುದ್ದೇಶದಿಂದ ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ, 356 ಮಾನಹಾನಿಗೆ. ಮಾನಹಾನಿಯಲ್ಲಿ ‘ಬರೆದದ್ದು ನಿಜ’ ಎಂಬುದೊಂದೇ ಸಾಲದು. ನಿಜವೂ ಆಗಿರಬೇಕು, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೂ ಆಗಿರಬೇಕು. ತೀರಿಕೊಂಡವರ ಬಗ್ಗೆಯೂ, ಸಂಘ–ಸಂಸ್ಥೆಗಳ ಬಗ್ಗೆಯೂ ಮಾನಹಾನಿ ಆಗಬಹುದು. ಹಾಗಾಗಿ ಸಮಿತಿಯ ಅಧ್ಯಕ್ಷರ ಲೆಕ್ಕ ಬರೆಯಿರಿ, ಅವರ ಮನೆಯ ಜಗಳ ಬೇಡ.

ಪ್ರಕಟವಾದ ಮೇಲೆ ಸಂಗತಿ ತಪ್ಪೆಂದು ಯಾರಾದರೂ ತೋರಿಸಿಕೊಟ್ಟರೆ ತಿದ್ದುಪಡಿ ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಏನಿತ್ತು ಏನಾಗಬೇಕು ಎಂದು ಎರಡನ್ನೂ ಹೇಳಿ ಹಾಕಿ. ಸದ್ದಿಲ್ಲದೆ ಸಾಲು ಬದಲಿಸಬೇಡಿ, ಹಳೆಯದರ ಸ್ಕ್ರೀನ್‌ಶಾಟ್ ಯಾರ ಫೋನಿನಲ್ಲಾದರೂ ಇದ್ದೇ ಇರುತ್ತದೆ. ಅಭಿಪ್ರಾಯ ಒಪ್ಪದವರು ಕಳಿಸಿದ ಪತ್ರಕ್ಕೂ ಜಾಗ ಕೊಡಿ. ಫೋಟೊ, ರಸೀದಿಯ ಪ್ರತಿ, ಆರ್‌ಟಿಐ ಉತ್ತರ, ಸಮಿತಿಗೆ ಕಳಿಸಿದ ಪ್ರಶ್ನೆಗಳು, ಮಾತಾಡಿದವರ ದಿನಾಂಕ ಇವೆಲ್ಲ ಲೇಖನಕ್ಕೊಂದರಂತೆ ಒಂದು ಕಡತದಲ್ಲಿರಲಿ. ಮಾನಹಾನಿಯ ಸಿವಿಲ್ ದಾವೆಗೆ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷದ ಕಾಲಮಿತಿ ಇದೆ. ಹಾಗಾಗಿ ಆ ಕಡತವನ್ನು ಮೂರು ವರ್ಷಕ್ಕೆ ಮೊದಲು ಅಳಿಸಬೇಡಿ.